ಎಂಬತ್ತು ಆಟಗಾರ್ತಿಯರ ಹಣ, ಎರಡು ಸಾವಿರ ವಿದ್ಯಾರ್ಥಿನಿಯರ ಕ್ಷೇಮ: ಸ್ಪೆಲ್ಮನ್ ಕಾಲೇಜಿನ ಒಂದು ಪ್ರಕರಣ

ಅಮೆರಿಕದ ಅಟ್ಲಾಂಟಾ ನಗರದ ಸ್ಪೆಲ್ಮನ್ ಕಾಲೇಜು ಕಪ್ಪು ಮಹಿಳೆಯರಿಗಾಗಿ ಸ್ಥಾಪನೆಯಾದ ಹಳೆಯ ಖಾಸಗಿ ಕಾಲೇಜು. 2012ರ ನವೆಂಬರಿನಲ್ಲಿ ಅದರ ಆಗಿನ ಅಧ್ಯಕ್ಷೆ ಬೆವರ್ಲಿ ಡೇನಿಯಲ್ ಟೇಟಮ್ ಒಂದು ನಿರ್ಧಾರವನ್ನು ಪ್ರಕಟಿಸಿದರು. ಆ ಶೈಕ್ಷಣಿಕ ವರ್ಷ ಮುಗಿದ ಮೇಲೆ ಕಾಲೇಜು ಎನ್‌ಸಿಎಎ ಎಂಬ ರಾಷ್ಟ್ರೀಯ ಅಂತರಕಾಲೇಜು ಕ್ರೀಡಾ ಒಕ್ಕೂಟದ ಸ್ಪರ್ಧೆಗಳಿಂದ ಪೂರ್ತಿಯಾಗಿ ಹಿಂದೆ ಸರಿಯುತ್ತದೆ, ಆ ಸ್ಪರ್ಧೆಗಳಿಗೆ ವರ್ಷಕ್ಕೆ ಖರ್ಚಾಗುತ್ತಿದ್ದ ಹತ್ತಿರಹತ್ತಿರ 10 ಲಕ್ಷ ಡಾಲರ್ ಹಣವನ್ನು ಎಲ್ಲ ವಿದ್ಯಾರ್ಥಿನಿಯರ ಕ್ಷೇಮ ಕಾರ್ಯಕ್ರಮಕ್ಕೆ ತಿರುಗಿಸಲಾಗುತ್ತದೆ ಎಂಬುದು ಆ ನಿರ್ಧಾರ. ಕಾಲೇಜು ಕ್ರೀಡೆಯೆಂದರೆ ಊರಿಗೂರೇ ಸೇರುವ ಅಮೆರಿಕದಲ್ಲಿ, ಅದರಲ್ಲೂ ದಕ್ಷಿಣದ ರಾಜ್ಯವೊಂದರಲ್ಲಿ, ಒಂದು ಕಾಲೇಜು ತಾನಾಗಿಯೇ ತಂಡಗಳನ್ನು ವಿಸರ್ಜಿಸುವುದು ಅಪರೂಪದ ಸಂಗತಿಯಾದ್ದರಿಂದ ಸುದ್ದಿ ದೇಶದಾದ್ಯಂತ ಹರಡಿತು. ಪತ್ರಿಕೆಗಳು ಇದನ್ನು ವ್ಯಾಯಾಮ, ಬೊಜ್ಜು ಮತ್ತು ಮಧುಮೇಹದ ಕಥೆಯಾಗಿ ಬರೆದವು. ಪ್ರಸ್ತುತ ಅಧ್ಯಯನವು ಅದೇ ಪ್ರಕರಣವನ್ನು ಕಾಲೇಜಿನಲ್ಲಿ ಓದುವ ಕಪ್ಪು ಯುವತಿಯರ ಮಾನಸಿಕ ಆರೋಗ್ಯದ ಪ್ರಶ್ನೆಯಾಗಿ ಓದುತ್ತದೆ. ಹಾಗೆ ಓದಿದಾಗ ನಿರ್ಧಾರದ ಬಲ ಎಲ್ಲಿದೆ, ಅದು ಎಲ್ಲಿ ಮೊಟಕಾಯಿತು ಎಂಬುದು ಹೆಚ್ಚು ಸ್ಪಷ್ಟವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಸಂಸ್ಥೆ ಮತ್ತು ಅದರ ನೆಲ

1881ರ ಏಪ್ರಿಲ್‌ನಲ್ಲಿ ಸೋಫಿಯಾ ಪ್ಯಾಕರ್ಡ್ ಮತ್ತು ಹ್ಯಾರಿಯೆಟ್ ಜೈಲ್ಸ್ ಎಂಬ ಇಬ್ಬರು ಬಿಳಿಯ ಶಿಕ್ಷಕಿಯರು ಅಟ್ಲಾಂಟಾದ ಫ್ರೆಂಡ್‌ಶಿಪ್ ಬ್ಯಾಪ್ಟಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ ಈ ಶಾಲೆಯನ್ನು ಆರಂಭಿಸಿದರು. ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡು ಆಗ ಎರಡು ದಶಕವೂ ಕಳೆದಿರಲಿಲ್ಲ. 1884ರಲ್ಲಿ ಅದಕ್ಕೆ ತೈಲೋದ್ಯಮಿ ಜಾನ್ ಡಿ. ರಾಕ್‌ಫೆಲರ್ ಅವರ ಪತ್ನಿ ಲಾರಾ ಸ್ಪೆಲ್ಮನ್ ಅವರ ತವರು ಮನೆತನದ ಹೆಸರು ಬಂತು, 1924ರಲ್ಲಿ ಅದು ಕಾಲೇಜಾಯಿತು. ಕಪ್ಪು ಮಹಿಳೆಯರಿಗೆಂದೇ ನಡೆಯುತ್ತಿದ್ದ ಈ ಸಂಸ್ಥೆಗೆ ಕಪ್ಪು ಮಹಿಳೆಯೊಬ್ಬರು ಅಧ್ಯಕ್ಷೆಯಾಗಲು 1987ರವರೆಗೆ, ಅಂದರೆ ನೂರಕ್ಕೂ ಹೆಚ್ಚು ವರ್ಷ ಕಾಯಬೇಕಾಯಿತು. ಹಾಗೆ ಬಂದವರು ಮಾನವಶಾಸ್ತ್ರಜ್ಞೆ ಜಾನೆಟಾ ಕೋಲ್. 2002ರಲ್ಲಿ ಆ ಸ್ಥಾನಕ್ಕೆ ಬಂದ ಟೇಟಮ್ ಕ್ಲಿನಿಕಲ್ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಕಪ್ಪು ಮಕ್ಕಳಲ್ಲಿ ಜನಾಂಗೀಯ ಗುರುತು ಹೇಗೆ ರೂಪುಗೊಳ್ಳುತ್ತದೆ ಎಂಬುದು ಅವರ ಪರಿಣತಿಯ ಕ್ಷೇತ್ರ. ಕ್ರೀಡಾ ಬಜೆಟ್ಟನ್ನು ಮುಟ್ಟಿದವರು ಹಣಕಾಸಿನ ಲೆಕ್ಕಿಗರಷ್ಟೇ ಆಗಿರದೆ ಮನಸ್ಸಿನ ಶಾಸ್ತ್ರ ಬಲ್ಲವರೂ ಆಗಿದ್ದರು ಎಂಬುದನ್ನು ಈ ಪ್ರಕರಣದಲ್ಲಿ ಮರೆಯಬಾರದು.

ಸ್ಪೆಲ್ಮನ್‌ನ ವಿದ್ಯಾರ್ಥಿನಿ ಎದುರಿಸುವ ಒತ್ತಡವನ್ನು ಬಿಳಿಯರೇ ಹೆಚ್ಚಿರುವ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿನಿಯ ಒತ್ತಡದಿಂದ ಬೇರ್ಪಡಿಸಿ ನೋಡಬೇಕಾಗುತ್ತದೆ. ಅಲ್ಲಿ ತರಗತಿಯಲ್ಲಿ ತಾನೊಬ್ಬಳೇ ಕಪ್ಪಾಗಿರುವ ದಣಿವು, ತನ್ನ ಕೂದಲಿನ ಬಗ್ಗೆ ಬರುವ ಪ್ರಶ್ನೆ, ಮೀಸಲಾತಿಯಿಂದ ಬಂದವಳೆಂಬ ಪಿಸುಮಾತು ಇರುತ್ತದೆ. ಇಲ್ಲಿ ಅದು ಬಹುಮಟ್ಟಿಗೆ ಇಲ್ಲ. ಆದರೆ ಇಲ್ಲಿ ಬೇರೊಂದು ಭಾರವಿದೆ. ಸ್ಪೆಲ್ಮನ್‌ಗೆ ಸೇರುವವಳು ತನ್ನ ಊರಿನ, ಚರ್ಚಿನ, ಕುಟುಂಬದ ಆಯ್ಕೆಯ ಹುಡುಗಿ. ಆವರಣದ ಪ್ರತಿ ಗೋಡೆಯೂ ಹಿಂದೆ ಇಲ್ಲಿ ಓದಿ ಹೆಸರು ಮಾಡಿದವರ ಪರಂಪರೆಯನ್ನು ನೆನಪಿಸುತ್ತಿರುತ್ತದೆ. ಆ ಪರಂಪರೆ ಬೆನ್ನಿಗೆ ಆಸರೆಯಾಗುವಂತೆಯೇ ಬೆನ್ನು ಬಗ್ಗಿಸಲೂ ಬಲ್ಲದು.

ಒಂದು ಸಾಮಾನ್ಯ ಚಿತ್ರವನ್ನು ಕಲ್ಪಿಸಿಕೊಳ್ಳೋಣ. ಇದು ಯಾವುದೇ ಒಬ್ಬ ವ್ಯಕ್ತಿಯ ಕಥೆಯಲ್ಲ, ವಾದಕ್ಕಾಗಿ ಕಟ್ಟಿದ ಉದಾಹರಣೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಎರಡನೇ ವರ್ಷದ ವಿದ್ಯಾರ್ಥಿನಿ ಬೆಳಿಗ್ಗೆ ರಸಾಯನಶಾಸ್ತ್ರದ ಪ್ರಯೋಗ ಮುಗಿಸಿ, ಮಧ್ಯಾಹ್ನ ಗ್ರಂಥಾಲಯದ ಕೌಂಟರಿನಲ್ಲಿ ಗಂಟೆಯ ಲೆಕ್ಕದ ಕೆಲಸ ಮಾಡುತ್ತಾಳೆ. ಸಂಜೆ ವಿದ್ಯಾರ್ಥಿ ಸಂಘದ ಸಭೆ ನಡೆಸಿ, ರಾತ್ರಿ ಹತ್ತರ ಮೇಲೆ ಅಮ್ಮನ ಫೋನಿಗೆ ಉತ್ತರಿಸುತ್ತಾಳೆ. ತಮ್ಮನ ಶಾಲೆಯ ತಕರಾರು, ಅಜ್ಜಿಯ ಸಕ್ಕರೆ ಕಾಯಿಲೆ, ಈ ತಿಂಗಳ ಬಾಡಿಗೆಗೆ ಇನ್ನೂರು ಡಾಲರಿನ ಕೊರತೆ, ಎಲ್ಲವೂ ಆ ಕರೆಯಲ್ಲಿ ಬರುತ್ತದೆ. ನೀನು ಹೇಗಿದ್ದೀ ಎಂದು ಅಮ್ಮ ಕೊನೆಯಲ್ಲಿ ಕೇಳಿದಾಗ ಚೆನ್ನಾಗಿದ್ದೇನೆ ಎಂಬುದನ್ನು ಬಿಟ್ಟು ಬೇರೆ ಉತ್ತರ ಕೊಡುವ ಅವಕಾಶ ಅವಳಿಗೆ ಎಲ್ಲಿದೆ? ಈ ಹುಡುಗಿಯ ಅಂಕಗಳು ಚೆನ್ನಾಗಿರುತ್ತವೆ, ಹಾಜರಿ ಚೆನ್ನಾಗಿರುತ್ತದೆ, ಅಧ್ಯಾಪಕರ ಶಿಫಾರಸು ಪತ್ರಗಳಲ್ಲಿ ಗಟ್ಟಿಗಿತ್ತಿ ಎಂಬ ಮಾತು ಪದೇ ಪದೇ ಬರುತ್ತದೆ. ಕಾಲೇಜಿನ ಯಾವ ದಾಖಲೆಯಲ್ಲೂ ಅವಳ ಕಷ್ಟ ಕಾಣಿಸುವುದಿಲ್ಲ.

ಈ ಗಟ್ಟಿತನವನ್ನು ಸಂಶೋಧಕರು ಹೊಗಳಿಕೆಯ ಮಾತಾಗಿ ಬಿಡದೆ ಆರೋಗ್ಯದ ವಿಷಯವಾಗಿ ಪರಿಶೀಲಿಸಿದ್ದಾರೆ. ನಾರ್ತ್ ಕೆರೊಲಿನಾದ ಶುಶ್ರೂಷಾ ವಿಜ್ಞಾನಿ ಶೆರಿಲ್ ವುಡ್ಸ್-ಗಿಸ್ಕೊಂಬೆ ಅವರು 48 ಆಫ್ರಿಕನ್ ಅಮೆರಿಕನ್ ಮಹಿಳೆಯರೊಂದಿಗೆ ಗುಂಪು ಚರ್ಚೆಗಳನ್ನು ನಡೆಸಿ 2010ರಲ್ಲಿ ‘ಸೂಪರ್‌ವುಮನ್ ಸ್ಕೀಮಾ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಸದಾ ಬಲವಾಗಿ ಕಾಣಿಸಿಕೊಳ್ಳಲೇಬೇಕೆಂಬ ಕಟ್ಟುಪಾಡು, ಭಾವನೆಗಳನ್ನು ಅದುಮಿಡುವುದು, ಇನ್ನೊಬ್ಬರ ಮೇಲೆ ಅವಲಂಬಿಸಲು ಒಲ್ಲೆನೆನ್ನುವುದು, ಕೈಯಲ್ಲಿ ಏನೂ ಇಲ್ಲದಿದ್ದರೂ ಗೆದ್ದೇ ತೀರುವ ಹಟ, ಮತ್ತು ತನಗಿಂತ ಮೊದಲು ಇತರರ ಕಷ್ಟಕ್ಕೆ ಒದಗುವ ಹೊಣೆ ಇದರ ಐದು ಎಳೆಗಳು. ಇವುಗಳಿಂದ ಕುಟುಂಬ ಉಳಿಯುತ್ತದೆ, ಸಮುದಾಯ ಉಳಿಯುತ್ತದೆ ಎಂದು ಆ ಮಹಿಳೆಯರೇ ಹೇಳಿದ್ದರು. ನಿದ್ರೆ ಕೆಡುತ್ತದೆ, ಸಂಬಂಧಗಳು ಬಿಗಡಾಯಿಸುತ್ತವೆ, ದೇಹ ಸೋಲುತ್ತದೆ ಎಂದೂ ಅವರೇ ಹೇಳಿದ್ದರು. ಇದಕ್ಕೂ ಬಹಳ ಮುಂಚೆ, 1992ರಲ್ಲಿ, ಆರ್ಲೀನ್ ಜೆರೋನಿಮಸ್ ಎಂಬ ಸಾರ್ವಜನಿಕ ಆರೋಗ್ಯ ತಜ್ಞೆ, ತಾರತಮ್ಯದ ನಡುವೆ ಬಾಳುವ ಕಪ್ಪು ಮಹಿಳೆಯರ ದೇಹ ವಯಸ್ಸಿಗಿಂತ ಮೊದಲೇ ಸವೆಯುತ್ತದೆ ಎಂಬ ವಾದವನ್ನು ಮಂಡಿಸಿದ್ದರು. ಸ್ಪೆಲ್ಮನ್‌ನಲ್ಲಿ ಟೇಟಮ್ ಅವರನ್ನು ಕಾಡಿದ ಸಂಗತಿಗೂ ಈ ವಾದಕ್ಕೂ ಹತ್ತಿರದ ನಂಟಿದೆ. ಆ ಕಾಲೇಜಿನಲ್ಲಿ ಓದಿಹೋದವರು ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಹೋದ ಸುದ್ದಿಗಳು ಅವರನ್ನು ತಲುಪುತ್ತಿದ್ದವು. ಹೊಸದಾಗಿ ಸೇರಿದ ಸುಮಾರು 530 ವಿದ್ಯಾರ್ಥಿನಿಯರ ತಂಡವೊಂದರಲ್ಲಿ ಅರ್ಧದಷ್ಟು ಮಂದಿಗೆ ರಕ್ತದೊತ್ತಡ, ಮಧುಮೇಹ, ಬೊಜ್ಜು ಮುಂತಾದ ಯಾವುದಾದರೊಂದು ತೊಂದರೆ ಇದ್ದುದು ಕಂಡುಬಂದಿತ್ತು. ಹದಿನೆಂಟರ ವಯಸ್ಸಿನಲ್ಲಿ!

ನಿರ್ಧಾರದ ಲೆಕ್ಕ

ಆಗ ಸ್ಪೆಲ್ಮನ್‌ನಲ್ಲಿ ಸುಮಾರು 2,100 ವಿದ್ಯಾರ್ಥಿನಿಯರಿದ್ದರು, ಅವರಲ್ಲಿ ಅಂತರಕಾಲೇಜು ತಂಡಗಳಲ್ಲಿ ಆಡುತ್ತಿದ್ದವರು ಸುಮಾರು 80. ಒಬ್ಬ ಆಟಗಾರ್ತಿಗೆ ವರ್ಷಕ್ಕೆ ಹನ್ನೆರಡು ಸಾವಿರ ಡಾಲರಿನ ಆಸುಪಾಸು ಖರ್ಚಾಗುತ್ತಿತ್ತು. ಅದೇ ಹಣವನ್ನು ಎಲ್ಲರಿಗೂ ಹಂಚಿದರೆ ತಲೆಗೆ ಐನೂರು ಡಾಲರಿಗಿಂತ ತುಸು ಕಡಿಮೆ ಬರುತ್ತಿತ್ತು. ಕಾಲೇಜು ಆಡುತ್ತಿದ್ದ ಗ್ರೇಟ್ ಸೌತ್ ಅಥ್ಲೆಟಿಕ್ ಕಾನ್ಫರೆನ್ಸ್ ಎಂಬ ಪ್ರಾದೇಶಿಕ ಗುಂಪಿನಿಂದ ಸದಸ್ಯ ಕಾಲೇಜುಗಳು ಒಂದೊಂದಾಗಿ ಹೊರಬೀಳುತ್ತಿದ್ದವು. ಹೊಸ ಗುಂಪನ್ನು ಸೇರಬೇಕಾದರೆ ಪ್ರಯಾಣಕ್ಕೆ, ಸೌಲಭ್ಯಕ್ಕೆ ಇನ್ನಷ್ಟು ಹಣ ಸುರಿಯಬೇಕಿತ್ತು. ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯವನ್ನು ನೋಡುತ್ತ ಕುಳಿತಿದ್ದಾಗ, ಅಂಗಳದಲ್ಲಿದ್ದ ಯುವತಿಯರಲ್ಲಿ ಯಾರೂ ಪದವಿಯ ನಂತರ ಈ ಆಟವನ್ನು ಮುಂದುವರಿಸಲಾರರು ಎಂಬುದು ತಮಗೆ ಥಟ್ಟನೆ ಹೊಳೆಯಿತೆಂದು ಟೇಟಮ್ ಆಮೇಲೆ ಪತ್ರಕರ್ತರಿಗೆ ಹೇಳಿದ್ದುಂಟು.

2013ರಿಂದ ತಂಡಗಳ ಜಾಗದಲ್ಲಿ ‘ವೆಲ್‌ನೆಸ್ ರೆವಲ್ಯೂಷನ್’ ಎಂಬ ಹೆಸರಿನ ಕಾರ್ಯಕ್ರಮ ಬಂತು. ಹಳೆಯ ವ್ಯಾಯಾಮಶಾಲೆಯಾಗಿದ್ದ ರೀಡ್ ಹಾಲ್ ನವೀಕರಣಗೊಂಡು ಎಲ್ಲರಿಗೂ ತೆರೆದ ಕ್ಷೇಮಕೇಂದ್ರವಾಯಿತು. ಚೆನ್ನಾಗಿ ತಿನ್ನು, ಹೆಚ್ಚು ಓಡಾಡು, ಚೆನ್ನಾಗಿ ನಿದ್ರಿಸು ಎಂಬ ಮೂರು ಸರಳ ಮಾತುಗಳು ಆಂದೋಲನದ ಘೋಷಣೆಯಾದವು. ಈಜು, ಯೋಗ, ನೃತ್ಯ, ಗುಂಪು ನಡಿಗೆ ಮೊದಲಾದವು ಸ್ಪರ್ಧೆಯ ಹಂಗಿಲ್ಲದೆ ಯಾರು ಬೇಕಾದರೂ ಸೇರಬಹುದಾದ ಚಟುವಟಿಕೆಗಳಾದವು.

ಮಾನಸಿಕ ಆರೋಗ್ಯದ ದೃಷ್ಟಿಯಿಂದ ಈ ನಿರ್ಧಾರದ ನಿಜವಾದ ಮಹತ್ವ ಯೋಗಕ್ಕಾಗಲಿ ಈಜಿಗಾಗಲಿ ಸೇರಿದ್ದಲ್ಲ. ಆಪ್ತಸಮಾಲೋಚನಾ ಕೇಂದ್ರಗಳ ಮಾದರಿ ಎಲ್ಲ ಕಾಲೇಜುಗಳಲ್ಲೂ ಒಂದೇ. ಕಷ್ಟದಲ್ಲಿರುವವಳು ತಾನಾಗಿ ಬಾಗಿಲು ತಟ್ಟಬೇಕು, ತನಗೆ ಸಹಾಯ ಬೇಕೆಂದು ಬಾಯಿಬಿಟ್ಟು ಹೇಳಬೇಕು, ಅರ್ಜಿ ತುಂಬಿ ಸರದಿಗೆ ಕಾಯಬೇಕು. ಅಮೆರಿಕದ ಮಾನ್ಯತಾ ಸಂಸ್ಥೆಯೊಂದು ಸಾವಿರದಿಂದ ಒಂದೂವರೆ ಸಾವಿರ ವಿದ್ಯಾರ್ಥಿಗಳಿಗೆ ಕನಿಷ್ಠ ಒಬ್ಬ ಪೂರ್ಣಾವಧಿ ಸಮಾಲೋಚಕರು ಇರಬೇಕೆಂಬ ಮಾನದಂಡವನ್ನು ಇಟ್ಟಿತ್ತು. ಆ ಲೆಕ್ಕದಲ್ಲಿ ಸ್ಪೆಲ್ಮನ್‌ನಷ್ಟು ದೊಡ್ಡ ಕಾಲೇಜಿಗೆ ಇಬ್ಬರು ಸಾಕು. ಆದರೆ ಸಹಾಯ ಕೇಳುವುದನ್ನೇ ಸೋಲೆಂದು ತಿಳಿದು ಬೆಳೆದವಳ ಮುಂದೆ ಇಬ್ಬರಿದ್ದರೇನು, ಇಪ್ಪತ್ತು ಜನರಿದ್ದರೇನು? ಗಂಭೀರ ತೊಂದರೆಯಿದ್ದ ಕಪ್ಪು ವಿದ್ಯಾರ್ಥಿಗಳಲ್ಲಿ ಚಿಕಿತ್ಸೆಗೆ ಹೋಗುವವರ ಪ್ರಮಾಣ ಬಿಳಿಯ ವಿದ್ಯಾರ್ಥಿಗಳಿಗಿಂತ ಬಹಳ ಕಡಿಮೆ ಎಂಬುದು ಅಮೆರಿಕದ ಕಾಲೇಜು ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಇದಕ್ಕೆ ಅವಮಾನದ ಭಯವೊಂದೇ ಕಾರಣವೆನ್ನಲಾಗದು. 1932ರಿಂದ 1972ರವರೆಗೆ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಸಿಫಿಲಿಸ್ ಇದ್ದ ಕಪ್ಪು ಪುರುಷರಿಗೆ ಚಿಕಿತ್ಸೆಯನ್ನೇ ಕೊಡದೆ ಸರ್ಕಾರಿ ವೈದ್ಯರು ‘ಅಧ್ಯಯನ’ ನಡೆಸಿದ್ದನ್ನು ಮರೆಯದ ಸಮುದಾಯವದು. ಬಾಗಿಲಿನ ಆಚೆ ಕೂತವರು ಯಾರು ಎಂಬುದೂ ಇಲ್ಲಿ ಮುಖ್ಯ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಅಂಕಿಅಂಶದ ಪ್ರಕಾರ 2015ರಲ್ಲಿ ಆ ದೇಶದ ಮನಶ್ಶಾಸ್ತ್ರಜ್ಞರಲ್ಲಿ 86 ಶೇಕಡಾ ಬಿಳಿಯರು, ಕೇವಲ 4 ಶೇಕಡಾ ಕಪ್ಪು ಜನ. ತನ್ನ ಮಾತನ್ನು ಅನುವಾದಿಸದೆ ಅರ್ಥಮಾಡಿಕೊಳ್ಳುವವರನ್ನು ಹುಡುಕುವುದೇ ಒಂದು ಕೆಲಸವಾಗಿರುವಾಗ, 2014ರಲ್ಲಿ ಅಟ್ಲಾಂಟಾದ ಮನಶ್ಶಾಸ್ತ್ರಜ್ಞೆ ಜಾಯ್ ಹಾರ್ಡನ್ ಬ್ರಾಡ್‌ಫರ್ಡ್ ಅವರು ‘ಥೆರಪಿ ಫಾರ್ ಬ್ಲ್ಯಾಕ್ ಗರ್ಲ್ಸ್’ ಎಂಬ ವೇದಿಕೆಯನ್ನು ಆರಂಭಿಸಿ ಕಪ್ಪು ಮಹಿಳೆಯರಿಗೆ ಹೊಂದುವ ಚಿಕಿತ್ಸಕರ ಪಟ್ಟಿಯನ್ನು ಕಟ್ಟಿದ್ದರಲ್ಲಿ ಅಚ್ಚರಿಯೇನಿಲ್ಲ.

ಈ ಹಿನ್ನೆಲೆಯಲ್ಲಿ ನೋಡಿದರೆ ಕ್ಷೇಮ ಕಾರ್ಯಕ್ರಮದ ದೊಡ್ಡ ಗುಣವೆಂದರೆ ಅದು ಯಾರನ್ನೂ ರೋಗಿಯೆಂದು ಕರೆಯಲಿಲ್ಲ. ನಿದ್ರೆಯ ಬಗ್ಗೆ ಮಾತಾಡುವ ಕೂಟಕ್ಕೆ ಹೋಗಲು ಯಾರೂ ತನ್ನ ದುಃಖವನ್ನು ಒಪ್ಪಿಕೊಳ್ಳಬೇಕಾಗಿಲ್ಲ. ಎಲ್ಲರ ಮುಂದೆ ಇಟ್ಟ ಸೌಲಭ್ಯವನ್ನು ಬಳಸುವುದು ದೌರ್ಬಲ್ಯವೆನಿಸುವುದಿಲ್ಲ. ಅಷ್ಟೇ ಮುಖ್ಯವಾಗಿ, ರಾತ್ರಿ ಎರಡರವರೆಗೆ ಎಚ್ಚರವಾಗಿರುವುದನ್ನು ಶ್ರದ್ಧೆಯ ಗುರುತೆಂದು ಹೊಗಳುತ್ತಿದ್ದ ಆವರಣದಲ್ಲಿ, ನಿದ್ರಿಸು ಎಂದು ಅಧ್ಯಕ್ಷರ ಕಚೇರಿಯೇ ಹೇಳತೊಡಗಿತು. ಗಟ್ಟಿಗಿತ್ತಿಯರನ್ನು ತಯಾರಿಸುವ ಸಂಸ್ಥೆಯೊಂದು ದಣಿವಿಗೆ ಅನುಮತಿ ಕೊಡುವುದು ಸಣ್ಣ ವಿಷಯವಲ್ಲ.

ಅದೇ ಆವರಣದಲ್ಲಿ, 1983ರಲ್ಲಿ

ಇಷ್ಟಾದರೂ ಈ ಪ್ರಕರಣದಲ್ಲಿ ಒಂದು ವಿಚಿತ್ರ ಮರೆವಿದೆ. ಕಪ್ಪು ಯುವತಿಯರ ಮಾನಸಿಕ ಯಾತನೆಗೆ ಏನು ಬೇಕು ಎಂಬ ಪ್ರಶ್ನೆಗೆ ಸ್ಪೆಲ್ಮನ್ ಆವರಣದಲ್ಲೇ, ಟೇಟಮ್ ಅವರ ನಿರ್ಧಾರಕ್ಕೆ ಸುಮಾರು ಮೂರು ದಶಕ ಮೊದಲೇ, ಉತ್ತರದ ಒಂದು ದೊಡ್ಡ ಭಾಗ ಸಿಕ್ಕಿತ್ತು.

ಬಿಲ್ಲಿ ಏವರಿ ಟ್ಯಾಲಡೀಗಾ ಎಂಬ ಕಪ್ಪು ಜನರ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿ, ಭಾವನಾತ್ಮಕ ತೊಂದರೆಯಿದ್ದ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. 1970ರಲ್ಲಿ ಅವರ ಪತಿ 33ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಓದಿದವರಾಗಿದ್ದೂ ತಮಗೆ ಸ್ವಂತ ದೇಹದ ಬಗ್ಗೆ ಏನೂ ಗೊತ್ತಿರಲಿಲ್ಲವೆಂಬ ಅರಿವು ಅವರನ್ನು ಆರೋಗ್ಯದ ಕೆಲಸಕ್ಕೆ ತಂದಿತು. ಫ್ಲಾರಿಡಾದ ಗೇನ್ಸ್‌ವಿಲ್‌ನಲ್ಲಿ ಮಹಿಳೆಯರ ಆರೋಗ್ಯ ಕೇಂದ್ರವೊಂದನ್ನು ಗೆಳತಿಯರೊಂದಿಗೆ ಕಟ್ಟಿದ ಮೇಲೆ ಅವರು ಅಲ್ಲಿನ ಸಾಂಟಾ ಫೆ ಸಮುದಾಯ ಕಾಲೇಜಿನಲ್ಲಿ ಉದ್ಯೋಗ ತರಬೇತಿಗೆ ಬರುತ್ತಿದ್ದ ಕಪ್ಪು ಯುವತಿಯರ ನಡುವೆ ಕೆಲಸ ಮಾಡಿದರು. ಯುವತಿಯರು ಪದೇ ಪದೇ ಗೈರುಹಾಜರಾಗುತ್ತಿದ್ದರು. ಅಧಿಕಾರಿಗಳಿಗೆ ಅದು ಉದಾಸೀನವೆಂದು ತೋರಿರಬಹುದು, ಏವರಿ ಮಾತ್ರ ಕಾರಣ ಕೇಳಿದರು. ಇಪ್ಪತ್ತರ ಆಚೀಚಿನ ವಯಸ್ಸಿಗೇ ರಕ್ತದೊತ್ತಡ, ಕಾಯಿಲೆ ಬಿದ್ದ ಮನೆಯವರ ಆರೈಕೆ, ಮಕ್ಕಳು, ಯಾರಿಗೂ ಹೇಳಿಕೊಳ್ಳದ ಸಂಕಟ, ಹೀಗೆ ಒಂದೊಂದೇ ಹೊರಬಂತು. ಇದೇ ಹೊತ್ತಿಗೆ, 18ರಿಂದ 25 ವರ್ಷದ ಕಪ್ಪು ಮಹಿಳೆಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಮಾನಸಿಕ ಯಾತನೆಯಲ್ಲಿ ಬದುಕುತ್ತಿದ್ದಾರೆ ಎಂಬ ಸರ್ಕಾರಿ ಸಮೀಕ್ಷೆಯ ಅಂಕಿ ಅವರ ಕಣ್ಣಿಗೆ ಬಿತ್ತು. ಆ ಒಂದು ಅಂಕಿಯೇ ತಮ್ಮನ್ನು ಎಬ್ಬಿಸಿ ನಿಲ್ಲಿಸಿತೆಂದು ಅವರು ಬರೆದಿದ್ದಾರೆ.

ಅಟ್ಲಾಂಟಾಕ್ಕೆ ಬಂದು ನೆಲೆಸಿದ ಏವರಿ ಮತ್ತು ಅವರ ಸಂಗಡಿಗರು 1983ರ ಜೂನ್‌ನಲ್ಲಿ ಸ್ಪೆಲ್ಮನ್ ಆವರಣದಲ್ಲಿ ಕಪ್ಪು ಮಹಿಳೆಯರ ಆರೋಗ್ಯ ಕುರಿತ ಮೊದಲ ರಾಷ್ಟ್ರೀಯ ಸಮ್ಮೇಳನವನ್ನು ನಡೆಸಿದರು. ಮಹಿಳಾ ಅಧ್ಯಯನಕ್ಕೆಂದು ಬೆವರ್ಲಿ ಗೈ-ಶೆಫ್ಟಾಲ್ ಅದೇ ಕಾಲೇಜಿನಲ್ಲಿ ಒಂದು ಕೇಂದ್ರವನ್ನು ತೆರೆದು ಆಗಷ್ಟೇ ಎರಡು ವರ್ಷವಾಗಿತ್ತು. ಕಾಯಿಲೆಯಿಂದ ಬೇಸತ್ತು ಬೇಸತ್ತೇ ತನಗೆ ಸಾಕಾಗಿದೆ ಎಂಬ ಅರ್ಥದ, ಪೌರಹಕ್ಕು ಹೋರಾಟಗಾರ್ತಿ ಫ್ಯಾನಿ ಲೂ ಹೇಮರ್ ಅವರ ಪ್ರಸಿದ್ಧ ಮಾತೇ ಸಮ್ಮೇಳನದ ಘೋಷವಾಗಿತ್ತು. ಒಂದೂವರೆ ಸಾವಿರಕ್ಕೂ ಮೀರಿ ಮಹಿಳೆಯರು ಬಂದರು. ಹಳ್ಳಿಯವರು, ನಗರದವರು, ವೈದ್ಯೆಯರು, ಮನೆಗೆಲಸದವರು, ವಿದ್ಯಾರ್ಥಿನಿಯರು ಎಲ್ಲರೂ ಇದ್ದರು. ಅಲ್ಲಿ ತಜ್ಞರ ಉಪನ್ಯಾಸಗಳಿದ್ದವು, ರಕ್ತದೊತ್ತಡದ ಪರೀಕ್ಷೆಯೂ ಇತ್ತು. ಆದರೆ ಜನ ಹೆಚ್ಚು ನೆನಪಿಟ್ಟದ್ದು ಲಿಲ್ಲಿ ಆಲೆನ್ ನಡೆಸಿಕೊಟ್ಟ, ಕಪ್ಪು ಹೆಣ್ಣಾಗಿರುವುದರ ವಾಸ್ತವವೇನು ಎಂಬ ಪ್ರಶ್ನೆಯನ್ನೇ ಹೆಸರಾಗಿ ಹೊತ್ತಿದ್ದ ಕಾರ್ಯಾಗಾರವನ್ನು.

ಆ ಕಾರ್ಯಾಗಾರದಿಂದ ಬೆಳೆದ ಸ್ವಸಹಾಯ ಗುಂಪುಗಳ ವಿಧಾನ ಅತ್ಯಂತ ಸರಳವಾದದ್ದು. ಮಹಿಳೆಯರು ವೃತ್ತಾಕಾರವಾಗಿ ಕೂರುತ್ತಾರೆ. ಒಬ್ಬಳು ತನ್ನ ಬದುಕಿನ ಬಗ್ಗೆ, ಮನೆಯಲ್ಲಿ ನಡೆದ ಹಿಂಸೆಯ ಬಗ್ಗೆ, ತನ್ನ ಬಣ್ಣ ಅಕ್ಕನಿಗಿಂತ ಗಾಢವೆಂದು ಕೇಳಿಸಿಕೊಂಡ ಮಾತಿನ ಬಗ್ಗೆ ಹೇಳಿಕೊಳ್ಳುತ್ತಾಳೆ. ಉಳಿದವರು ನಡುವೆ ಬಾಯಿ ಹಾಕದೆ, ಬುದ್ಧಿ ಹೇಳದೆ ಕೇಳುತ್ತಾರೆ. ಅಳು ಬಂದರೆ ಅದನ್ನು ತಡೆಯಲು ಯಾರೂ ಧಾವಿಸುವುದಿಲ್ಲ. ಮೇಲ್ನೋಟಕ್ಕೆ ಇದರಲ್ಲೇನಿದೆ ಎನಿಸಬಹುದು. ಆದರೆ ವುಡ್ಸ್-ಗಿಸ್ಕೊಂಬೆ ಪಟ್ಟಿ ಮಾಡಿದ ಐದು ಎಳೆಗಳನ್ನು ಈ ವಿಧಾನದ ಪಕ್ಕದಲ್ಲಿಟ್ಟು ನೋಡಿದರೆ ಅದು ಒಂದೊಂದನ್ನೂ ನೇರವಾಗಿ ಮುಟ್ಟುವುದು ಗೊತ್ತಾಗುತ್ತದೆ. ಬಲ ಪ್ರದರ್ಶಿಸಬೇಕಾಗಿಲ್ಲ, ಭಾವನೆ ಅದುಮಬೇಕಾಗಿಲ್ಲ, ಕೇಳುವವಳ ಸರದಿ ಬರುವವರೆಗೆ ಯಾರ ಕಷ್ಟವನ್ನೂ ಬಗೆಹರಿಸಬೇಕಾಗಿಲ್ಲ. ಇನ್ನೊಬ್ಬಳ ಮುಖದಲ್ಲಿ ತನ್ನದೇ ಕಥೆ ಕಾಣಿಸುವುದರಿಂದ, ತಪ್ಪು ತನ್ನಲ್ಲೇ ಇದೆ ಎಂಬ ನಂಬಿಕೆ ಸಡಿಲವಾಗುತ್ತದೆ. ಕಪ್ಪು ಮಹಿಳೆಯರು ತಮ್ಮ ನೋವನ್ನು ಯಾರಿಗೂ ಹೇಳಿಕೊಳ್ಳದೆ ಉಳಿಯುವ ಮೌನವನ್ನು ಏವರಿ ಪಿತೂರಿ ಎಂದೇ ಕರೆದರು. ಅವರ ಸಂಘಟನೆ ದೇಶದ ಹಲವೆಡೆ ಇಂಥ ಗುಂಪುಗಳನ್ನು ಹುಟ್ಟುಹಾಕಿತು, 1989ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. ಬ್ಲ್ಯಾಕ್ ವಿಮೆನ್ಸ್ ಹೆಲ್ತ್ ಇಂಪರೆಟಿವ್ ಎಂಬ ಹೆಸರಿನಲ್ಲಿ ಆ ಸಂಘಟನೆ ಇಂದಿಗೂ ಇದೆ.

ಬಿಳಿಯರೇ ಹೆಚ್ಚಿದ್ದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಂಬತ್ತರ ದಶಕದಲ್ಲಿ ಪಾಠ ಹೇಳುತ್ತಿದ್ದ ಸ್ತ್ರೀವಾದಿ ಲೇಖಕಿ ಬೆಲ್ ಹುಕ್ಸ್ ಅವರೂ ಬಹುತೇಕ ಇದೇ ದಾರಿಗೆ ಬಂದಿದ್ದರು. ತರಗತಿ ಮುಗಿದ ಮೇಲೆ ಕಪ್ಪು ವಿದ್ಯಾರ್ಥಿನಿಯರು ಅವರ ಕೊಠಡಿಗೆ ಬಂದು ಪಠ್ಯಕ್ಕಿಂತ ಹೆಚ್ಚಾಗಿ ತಮ್ಮ ನೋವನ್ನು ಹೇಳಿಕೊಳ್ಳುತ್ತಿದ್ದರು, ಅದರಿಂದ ‘ಸಿಸ್ಟರ್ಸ್ ಆಫ್ ದಿ ಯಾಮ್’ ಎಂಬ ಬೆಂಬಲ ಗುಂಪು ಹುಟ್ಟಿತು. ಎರಡು ತೀರ ಭಿನ್ನ ಆವರಣಗಳಲ್ಲಿ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಒಂದೇ ಬಗೆಯ ವೃತ್ತ ರೂಪುಗೊಂಡದ್ದನ್ನು ಆಕಸ್ಮಿಕವೆನ್ನಲು ಮನಸ್ಸು ಬರುವುದಿಲ್ಲ.

ಎಲ್ಲಿ ಮೊಟಕಾಯಿತು

ಹೀಗಿರುವಾಗ 2012ರ ಯೋಜನೆಯಲ್ಲಿ ತಿನ್ನುವುದು, ಓಡಾಡುವುದು, ನಿದ್ರಿಸುವುದು ಘೋಷಣೆಯಾದವು, ಮಾತಾಡುವುದು ಆಗಲಿಲ್ಲ. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ರಕ್ತದೊತ್ತಡವನ್ನು ಅಳೆಯಬಹುದು, ನಡೆದ ಹೆಜ್ಜೆಗಳನ್ನು ಎಣಿಸಬಹುದು, ಕಟ್ಟಡಕ್ಕೆ ದಾನಿಯ ಹೆಸರಿಡಬಹುದು. ಹನ್ನೆರಡು ಕುರ್ಚಿಗಳ ವೃತ್ತದಲ್ಲಿ ನಡೆದದ್ದನ್ನು ವಾರ್ಷಿಕ ವರದಿಯಲ್ಲಿ ತೋರಿಸಲು ಬರುವುದಿಲ್ಲ. ಅದೂ ಅಲ್ಲದೆ, ದೇಹದ ತೂಕದಿಂದ ಆರಂಭಿಸಿದ ಮಾತು ಕಪ್ಪು ಯುವತಿಯರಿಗೆ ಇನ್ನೊಂದು ಬಗೆಯ ಅಳತೆಗೋಲಾಗಿ ಕೇಳಿಸುವ ಅಪಾಯವೂ ಇತ್ತು. ಅವರ ದೇಹದ ಬಗ್ಗೆ ತೀರ್ಪು ಕೊಡುವ ಚಾಳಿ ಅಮೆರಿಕದಲ್ಲಿ ಬಹಳ ಹಳೆಯದು. ತಂಡಗಳನ್ನು ಕಳೆದುಕೊಂಡ ಎಂಬತ್ತು ಮಂದಿಯ ನಷ್ಟವನ್ನೂ ಹಗುರವಾಗಿ ಕಾಣಲಾಗದು. ತರಬೇತುದಾರರು, ಸಹ ಆಟಗಾರ್ತಿಯರು, ಬಸ್ ಪ್ರಯಾಣಗಳು ಸೇರಿ ಅವರಿಗೆ ಇದ್ದದ್ದು ಒಂದು ಸಿದ್ಧ ಬೆಂಬಲ ಗುಂಪೇ. ಲೆಕ್ಕ ಸರಿಯಿದ್ದರೂ ಅದರ ಬೆಲೆ ತೆತ್ತವರು ಅವರು.

ದೇಹದ ಆರೈಕೆ ಮುಟ್ಟಲಾರದ ಸಂಕಟಗಳು ಮುಂದಿನ ವರ್ಷಗಳಲ್ಲಿ ಒಂದಾದ ಮೇಲೊಂದು ಬಂದವು. 2016ರಲ್ಲಿ ತಾನು ಸ್ಪೆಲ್ಮನ್ ವಿದ್ಯಾರ್ಥಿನಿಯೆಂದು ಹೇಳಿಕೊಂಡವಳೊಬ್ಬಳು, ಹೆಸರು ಮರೆಮಾಡಿಕೊಂಡು, ತನ್ನ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಬಗ್ಗೆ ಟ್ವಿಟರ್‌ನಲ್ಲಿ ಬರೆದಾಗ ಆವರಣ ಅಲುಗಿಹೋಯಿತು. ಹೆಸರಿಲ್ಲದ ಖಾತೆಯೊಂದೇ ತನಗುಳಿದ ದಾರಿ ಎಂದು ಒಬ್ಬ ವಿದ್ಯಾರ್ಥಿನಿಗೆ ಅನಿಸಿತೆಂಬುದೇ ಕಾಲೇಜಿನೊಳಗಿನ ಬಾಗಿಲುಗಳ ಬಗ್ಗೆ ಬೇಕಾದಷ್ಟನ್ನು ಹೇಳುತ್ತದೆ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ವಿದ್ಯಾರ್ಥಿನಿಯರು ಮನೆಗೆ ಮರಳಿದರು, ಆ ವರ್ಷದ ಆಗಸ್ಟಿನಲ್ಲಿ ಆರಂಭವಾದ ಸೆಮಿಸ್ಟರ್ ಪೂರ್ತಿ ಆನ್‌ಲೈನ್‌ನಲ್ಲಿ ನಡೆಯಿತು. ಈಜುಕೊಳವೂ ವ್ಯಾಯಾಮಶಾಲೆಯೂ ಯಾರಿಗೂ ಸಿಗದ ಆ ತಿಂಗಳುಗಳಲ್ಲೇ ಕಪ್ಪು ಜನರ ಮೇಲಿನ ಪೊಲೀಸ್ ಹಿಂಸೆಯ ಸುದ್ದಿ ಪ್ರತಿದಿನ ಫೋನಿನಲ್ಲಿ ಬರುತ್ತಿತ್ತು. 2022ರ ಜನವರಿ ಮತ್ತು ಫೆಬ್ರವರಿಯಲ್ಲಿ ಕಪ್ಪು ಜನರ ಹತ್ತಾರು ಐತಿಹಾಸಿಕ ಕಾಲೇಜುಗಳಿಗೆ ಬಾಂಬ್ ಬೆದರಿಕೆಯ ಕರೆಗಳು ಬಂದವು, ಸ್ಪೆಲ್ಮನ್‌ಗೂ ಬಂದವು. ಸುರಕ್ಷಿತವೆಂದೇ ಆರಿಸಿಕೊಂಡ ಜಾಗದಲ್ಲಿ, ಹಾಸ್ಟೆಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಪೊಲೀಸರ ಸೂಚನೆಗೆ ಕಾಯುವ ಅನುಭವವಾಯಿತು. ಒಕ್ಕೂಟ ಸರ್ಕಾರ ಆಗ ಹಿಂಸೆಗೆ ಸಿಲುಕಿದ ಶಾಲಾ ಕಾಲೇಜುಗಳಿಗೆ ಕೊಡುವ ತುರ್ತು ಅನುದಾನವನ್ನು ಈ ಕಾಲೇಜುಗಳಿಗೂ ತೆರೆದು, ಅದನ್ನು ಮಾನಸಿಕ ಆರೋಗ್ಯ ಸೇವೆಗೂ ಬಳಸಬಹುದೆಂದಿತು.

ಇಂಥ ಹೊತ್ತಿನಲ್ಲಿ ಕಾಲೇಜು ಏನು ಮಾಡಬೇಕೆಂಬ ಬಗ್ಗೆ ಈಗ ಬರಹರೂಪದ ಮಾರ್ಗದರ್ಶನವಿದೆ. ಬಿಳಿಯೇತರ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕೆಂದು 2014ರಲ್ಲಿ ಆರಂಭವಾದ ಸ್ಟೀವ್ ಫಂಡ್ ಮತ್ತು ಆತ್ಮಹತ್ಯೆ ತಡೆಗೆ ಕೆಲಸ ಮಾಡುವ ಜೆಡ್ ಫೌಂಡೇಶನ್ ಒಟ್ಟಾಗಿ 2017ರಲ್ಲಿ ಹತ್ತು ಶಿಫಾರಸುಗಳನ್ನು ಹೊರತಂದವು. ಈ ವಿಷಯವನ್ನು ಇಡೀ ಕಾಲೇಜಿನ ಆದ್ಯತೆಯಾಗಿಸುವುದು, ವಿದ್ಯಾರ್ಥಿಗಳನ್ನೇ ಕೇಳಿ ಯೋಜಿಸುವುದು, ವೈವಿಧ್ಯವುಳ್ಳ ಸಿಬ್ಬಂದಿಯನ್ನು ನೇಮಿಸುವುದು ಅವುಗಳಲ್ಲಿ ಸೇರಿವೆ. ಟೇಟಮ್ ಅವರ ನಿರ್ಧಾರ ಈ ಶಿಫಾರಸುಗಳಲ್ಲಿ ಮೊದಲನೆಯದನ್ನು ಐದು ವರ್ಷ ಮುಂಚೆಯೇ, ಕಾಗದದ ಮೇಲಲ್ಲದೆ ಬಜೆಟ್ಟಿನಲ್ಲೇ ಮಾಡಿ ತೋರಿಸಿತ್ತು ಎಂಬುದನ್ನು ಒಪ್ಪಲೇಬೇಕು.

ಬೇರೆ ಕಾಲೇಜುಗಳು ಈ ಪ್ರಕರಣದಿಂದ ಏನನ್ನು ತೆಗೆದುಕೊಳ್ಳಬಹುದು ಎಂದು ಕೇಳಿದರೆ ಕಟ್ಟಡವನ್ನು ಮೊದಲು ಹೇಳಲಾರೆ, ಅದಕ್ಕೆ ಬೇಕಾದ ಹಣ ಹೆಚ್ಚಿನ ಕಪ್ಪು ಕಾಲೇಜುಗಳ ಬಳಿ ಇಲ್ಲ. ವೃತ್ತವನ್ನು ಹೇಳಬಹುದು, ಅದಕ್ಕೆ ಬೇಕಾದದ್ದು ಒಂದು ಕೋಣೆ, ವಾರಕ್ಕೊಂದು ಸಂಜೆ ಮತ್ತು ನಡೆಸಲು ಬಲ್ಲ ಒಬ್ಬಳು. ಆದರೆ ಆ ಒಬ್ಬಳ ವಿಷಯದಲ್ಲೇ ಇನ್ನೊಂದು ತೊಡಕಿದೆ. ಆಲೆನ್, ಹುಕ್ಸ್, ಏವರಿ ಮೂವರೂ ಕಪ್ಪು ಮಹಿಳೆಯರೇ. ಇಂದಿಗೂ ಹೆಚ್ಚಿನ ಆವರಣಗಳಲ್ಲಿ ವಿದ್ಯಾರ್ಥಿನಿಯರು ಅಳುತ್ತ ಬಂದು ಕೂರುವುದು ತಮ್ಮ ವಿಭಾಗದಲ್ಲಿರುವ ಒಬ್ಬಳೋ ಇಬ್ಬರೋ ಕಪ್ಪು ಅಧ್ಯಾಪಕಿಯರ ಕೋಣೆಯಲ್ಲಿ. ಆ ಗಂಟೆಗಳು ಅವರ ಕೆಲಸದ ಲೆಕ್ಕಕ್ಕೆ ಬರುವುದಿಲ್ಲ, ಬಡ್ತಿಯ ಕಡತದಲ್ಲಿ ಅವಕ್ಕೆ ಕಾಲಮ್ಮಿಲ್ಲ. ಇತರರಿಗೆ ಒದಗಲೇಬೇಕೆಂಬ ಹೊಣೆ ಹೀಗೆ ವಿದ್ಯಾರ್ಥಿನಿಯ ಹೆಗಲಿನಿಂದ ಇಳಿದು ಅಧ್ಯಾಪಕಿಯ ಹೆಗಲೇರುತ್ತದೆ. 2024ರ ಜನವರಿಯಲ್ಲಿ ಮಿಸ್ಸೂರಿಯ ಲಿಂಕನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ವ್ಯವಹಾರಗಳ ಉಪಾಧ್ಯಕ್ಷೆಯಾಗಿದ್ದ ಕಪ್ಪು ಮಹಿಳೆಯೊಬ್ಬರು ಆತ್ಮಹತ್ಯೆ ಮಾಡಿಕೊಂಡಾಗ, ವಿದ್ಯಾರ್ಥಿಗಳ ಕ್ಷೇಮ ನೋಡಿಕೊಳ್ಳುವವರ ಕ್ಷೇಮವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆ ದೇಶದ ಕಪ್ಪು ಶಿಕ್ಷಣ ವಲಯದಲ್ಲೆಲ್ಲ ಎದ್ದಿತು.

ಆದ್ದರಿಂದ ವೃತ್ತವನ್ನು ಆರಂಭಿಸುವ ಕಾಲೇಜು ಅದನ್ನು ನಡೆಸುವವಳಿಗೆ ಒಂದು ಕೋರ್ಸಿನ ಪಾಠದ ಹೊರೆಯನ್ನು ಇಳಿ‌ಸಬೇಕು, ತರಬೇತಿಯ ಖರ್ಚನ್ನು ಕೊಡಬೇಕು. ಆತ್ಮಹತ್ಯೆಯ ಸುಳಿವು ಕಂಡ ವಿದ್ಯಾರ್ಥಿನಿಯನ್ನು ಅದೇ ದಿನ ಒಪ್ಪಿಸಬಹುದಾದ ಚಿಕಿತ್ಸಕರೊಂದಿಗೆ ಮುಂಚಿತವಾಗಿಯೇ ಒಪ್ಪಂದ ಮಾಡಿಕೊಂಡಿರಬೇಕು. ನಡೆಸುವವಳೂ ತಿಂಗಳಿಗೊಮ್ಮೆ ಬೇರೊಂದು ವೃತ್ತದಲ್ಲಿ ಕೂತು, ಯಾರಿಗೂ ಏನನ್ನೂ ಬಗೆಹರಿಸಿಕೊಡದೆ, ತನ್ನ ಸರದಿಯಲ್ಲಿ ಮಾತಾಡುವ ವ್ಯವಸ್ಥೆ ಇರಬೇಕು. ಇವಿಷ್ಟಕ್ಕೂ ಸೇರಿ ಬೀಳುವ ವಾರ್ಷಿಕ ಖರ್ಚು ಒಂದು ಸಣ್ಣ ಕ್ರೀಡಾ ತಂಡದ ಪ್ರಯಾಣ ವೆಚ್ಚವನ್ನು ಮೀರಲಾರದು.